ಒಂಬತ್ತು ತಿಂಗಳು ಹೊರುವ ಕಪ್ಪೆ

ನಮಸ್ಕಾರ. ಕಪ್ಪೆ ಅಂದರೆ ನಮಗೆ ನೆನಪಾಗುವುದು ಕೆರೆ, ಮೊಟ್ಟೆ, ಗೊದಮೊಟ್ಟೆ ಅಲ್ವಾ? ನಾನಿವತ್ತು ಹೇಳುವ ನೆಲಗಪ್ಪೆ ಮೊಟ್ಟೆ ಇಡುವುದೇ ಇಲ್ಲ. ನಮ್ಮ ಅಮ್ಮಂದಿರ ಹಾಗೆ ಒಂಬತ್ತು ತಿಂಗಳು ಹೊತ್ತು ಹೆರುತ್ತದೆ.

ಪಶ್ಚಿಮ ಆಫ್ರಿಕಾದಲ್ಲಿ ಗಿನಿ, ಐವರಿ ಕೋಸ್ಟ್, ಲೈಬೀರಿಯಾ ಸೇರುವ ಕಡೆ ನಿಂಬಾ ಬೆಟ್ಟಸಾಲು ಇದೆ. ಅದರ ನೆತ್ತಿಯ ಹುಲ್ಲುಗಾವಲೇ, ಸುಮಾರು 1,200 ಮೀಟರಿಗಿಂತ ಮೇಲಿನ ಜಾಗವೇ, ಇದರ ಮನೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮಳೆ ನಿಂತು ಹುಲ್ಲು ಒಣಗಿತು ಅಂದರೆ ಬಸುರಿ ಕಪ್ಪೆಗಳು ಮಣ್ಣಿನೊಳಗೆ ಇಳಿಯುತ್ತವೆ. ಹೊಟ್ಟೆಯಲ್ಲಿರುವ ಮರಿಗಳ ಬೆಳವಣಿಗೆಯೂ ಆಗ ನಿಧಾನ. ಮತ್ತೆ ಮಳೆ ಬಿದ್ದ ಮೇಲೆ ಹೊರಗೆ ಬಂದು, ಜೂನ್ ಹೊತ್ತಿಗೆ ಹೆರುತ್ತವೆ. ಗರ್ಭಕೋಶದ ಗೋಡೆ ಒಸರುವ ರಸವನ್ನೇ ಉಂಡು ಬೆಳೆದ ಮರಿ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಆದರೆ ಕಾಲು, ಬೆರಳು ಎಲ್ಲ ಮೂಡಿದ ಪೂರ್ತಿ ಕಪ್ಪೆ! ಇದನ್ನು ಮೊದಲ ಸಲ ಓದಿದಾಗ ನಾನು ಸುಮ್ನೆ ಕೂತುಬಿಟ್ಟೆ.

ಅದೇ ಹುಲ್ಲಿನ ಕೆಳಗೆ ಒಳ್ಳೆ ದರ್ಜೆಯ ಕಬ್ಬಿಣದ ಅದಿರಿದೆ. ಲೈಬೀರಿಯಾ ಕಡೆಯ ಬೆಟ್ಟವನ್ನು 1960ರ ದಶಕದಿಂದಲೇ ಅಗೆದರು. ಗಿನಿ ಕಡೆಯದು 1981ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. 1992ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಮರುವರ್ಷ ಗಣಿಗೆ ಅಂತ ಒಂದು ತುಂಡನ್ನು ಆ ಗಡಿಯಿಂದ ಹೊರಗಿಟ್ಟರು.

ನಮಗಿದು ಹೊಸ ಕಥೆಯಲ್ಲ. ಕುದುರೆಮುಖದಲ್ಲೂ ಹುಲ್ಲುಬೆಟ್ಟ, ಅಲ್ಲೂ ಕಬ್ಬಿಣ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಅಷ್ಟರಲ್ಲಿ ಎಷ್ಟೋ ವರ್ಷ ಹೂಳು ಭದ್ರೆಗೆ ಹರಿದಿತ್ತು. ಅಗೆದ ಬೆಟ್ಟ ವಾಪಸ್ ಬರಲಿಲ್ಲ.

"ಕಪ್ಪೆಗಳನ್ನು ಹಿಡಿದು ಬೇರೆ ಕಡೆ ಬಿಡಿ" ಅನ್ನುವವರಿದ್ದಾರೆ. ಎಲ್ಲಿ ಬಿಡುವುದು? ಇದರ ಬಸಿರು ಆ ನೆತ್ತಿಯ ಮಳೆಗೆ, ಆ ಮಣ್ಣಿಗೆ ಹೊಂದಿಕೊಂಡು ಬಂದದ್ದು.

ಗಿನಿ ಬಡ ದೇಶ. ಅಲ್ಲಿನವರಿಗೆ ಕೆಲಸ ಬೇಡವೇ ಅಂದರೆ, ಖಂಡಿತ ಬೇಕು. ಬೆಟ್ಟ ಉಳಿಸುವ ಭಾರವನ್ನು ಅವರ ಮೇಲೆ ಮಾತ್ರ ಹೊರಿಸುವುದು ಅನ್ಯಾಯ. ಆದ್ದರಿಂದ ನಾನು ಕೇಳುವುದು ಎರಡೂ ಒಟ್ಟಿಗೆ. ಹೊರಗಿಟ್ಟ ಆ ತುಂಡನ್ನು ಗಡಿಯೊಳಗೆ ತರಬೇಕು. ಅದರಿಂದ ಗಿನಿಗೆ ಆಗುವ ನಷ್ಟದಲ್ಲಿ, ಉಕ್ಕು ಜಾಸ್ತಿ ಬಳಸುವ ದೇಶಗಳು ಪಾಲು ಕೊಡಬೇಕು. ನಮ್ಮ ದೇಶವೂ ಸೇರಿ.