75 ಸೆಂಟ್‌ನ ಜಾಡು

ಕೇಳುಗರಿಗೆ ನಮಸ್ಕಾರ.

1986ರ ಆಗಸ್ಟ್. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ. ಅಲ್ಲಿ ಕಂಪ್ಯೂಟರ್ ಬಳಸಿದವರಿಗೆಲ್ಲ ಹೊತ್ತಿನ ಲೆಕ್ಕದಲ್ಲಿ ಬಿಲ್ ಹಾಕುತ್ತಿದ್ದರು. ಒಂದು ಸಲ ಲೆಕ್ಕ ತಾಳೆಯಾಗಲಿಲ್ಲ. ವ್ಯತ್ಯಾಸ 75 ಸೆಂಟ್. ಒಂದು ಡಾಲರ್ ಕೂಡ ಅಲ್ಲ. ಹೋಗಲಿ ಬಿಡಿ ಅನ್ನುವಂಥ ಮೊತ್ತ, ಅಲ್ವಾ? ಆದರೆ ಅಲ್ಲಿ ಕೆಲಸಕ್ಕಿದ್ದ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಬಿಡಲಿಲ್ಲ. ಕೆದಕುತ್ತಾ ಹೋದರೆ, ಯಾರೋ ಒಬ್ಬ ಗುಟ್ಟಾಗಿ ಒಳಗೆ ಸೇರಿಕೊಂಡಿದ್ದ. ಅಲ್ಲಿಂದಲೇ ಮಿಲಿಟರಿ ಕಂಪ್ಯೂಟರ್‌ಗಳ ಬಾಗಿಲನ್ನೂ ತಟ್ಟುತ್ತಿದ್ದ.

ಸ್ಟೋಲ್ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ತಿಳಿಸಿದರು. 75 ಸೆಂಟ್‌ಗೆಲ್ಲ ತನಿಖೆಯೇ ಎಂದು ಅಲ್ಲಿ ಮೊದಲು ಯಾರೂ ಕಿವಿಗೊಡಲಿಲ್ಲ. ಕರೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಟೆಲಿಫೋನ್ ಕಂಪನಿ ಬೇಕು. ಕಂಪನಿ ಬಾಯಿ ಬಿಡಲು ಕೋರ್ಟ್ ಆದೇಶ ಬೇಕು. ಕೊನೆಗೆ ಜಾಡು ಪಶ್ಚಿಮ ಜರ್ಮನಿಗೆ ಹೋಯಿತು. ಅಲ್ಲಿನ ಫೋನ್ ವ್ಯವಸ್ಥೆಯಲ್ಲಿ ಪತ್ತೆ ಮಾಡಬೇಕೆಂದರೆ ಅವನು ಬಹಳ ಹೊತ್ತು ಲೈನಿನಲ್ಲಿ ಇರಬೇಕು. ಅದಕ್ಕಾಗಿ ಸ್ಟೋಲ್ ಸುಳ್ಳು ಕಡತಗಳ ಒಂದು ರಾಶಿಯನ್ನೇ ತಯಾರಿಸಿ, ಅವನ ಕೈಗೆ ಸಿಗುವ ಹಾಗೆ ಇಟ್ಟರು. ಅವನು ಆಸೆಯಿಂದ ಓದುತ್ತಾ ಕೂತ. ಹ್ಯಾನೋವರ್ ನಗರದಲ್ಲಿದ್ದ ಅವನ ಮನೆ ಸಿಕ್ಕಿದ್ದು ಹಾಗೆ.

ಸೈಬರ್ ತನಿಖೆ ಇವತ್ತಿಗೂ ಹೆಚ್ಚುಕಡಿಮೆ ಹೀಗೇ ಇದೆ. ಗುಮಾನಿ ಒಬ್ಬರಿಗೆ, ಸಾಕ್ಷ್ಯ ಇನ್ನೊಬ್ಬರ ಹತ್ತಿರ, ಬಂಧಿಸುವ ಅಧಿಕಾರ ಮತ್ತೊಬ್ಬರಿಗೆ. ವಿಶ್ವವಿದ್ಯಾಲಯ, ಕಂಪನಿ, ಪೊಲೀಸ್ ಈ ಮೂವರೂ ಕೂಡಿ ಕೆಲಸ ಮಾಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆದರೆ ಮೂವರ ಅವಸರವೂ ಬೇರೆ ಬೇರೆ. ಮಧ್ಯರಾತ್ರಿ ಒಂದು ಕಂಪನಿಯ ಸರ್ವರ್‌ಗೆ ಯಾರೋ ನುಗ್ಗಿದ್ದಾರೆ ಅಂದುಕೊಳ್ಳಿ. ಡ್ಯೂಟಿಯಲ್ಲಿರುವ ಹುಡುಗನ ತಲೆಯಲ್ಲಿ ಒಂದೇ ಯೋಚನೆ: ಬೆಳಗಾಗುವುದರೊಳಗೆ ಎಲ್ಲ ಸರಿಹೋಗಬೇಕು. ಅವನು ಸರ್ವರ್ ಆಫ್ ಮಾಡುತ್ತಾನೆ, ಡಿಸ್ಕ್ ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಹೊಸದಾಗಿ ಹಾಕುತ್ತಾನೆ. ಕೆಲಸ ಶುರುವಾಗುತ್ತದೆ, ಎಲ್ಲರೂ ಬೆನ್ನು ತಟ್ಟುತ್ತಾರೆ. ಮಧ್ಯಾಹ್ನ ಪೊಲೀಸರು ಬಂದು ಲಾಗ್, ಅಂದರೆ ಸರ್ವರ್‌ನಲ್ಲಿ ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ, ಕೇಳಿದರೆ ಏನೂ ಉಳಿದಿಲ್ಲ. ಆಫ್ ಮಾಡಿದ ಕ್ಷಣಕ್ಕೇ ಮೆಮೊರಿಯಲ್ಲಿದ್ದ ಗುರುತು ಅಳಿಸಿತು. ಫಾರ್ಮ್ಯಾಟ್ ಆದಾಗ ಉಳಿದದ್ದೂ ಹೋಯಿತು. ಆ ಹುಡುಗನದು ತಪ್ಪು ಅಂತ ನಾನು ಹೇಳಲಾರೆ. ಮೊದಲು ಡಿಸ್ಕಿನ ನಕಲು ತೆಗೆಯಬೇಕು, ಆ ನಕಲು ಆಮೇಲೆ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯ ಎಂಬ ಗುರುತು ಸಂಖ್ಯೆ ಬರೆದಿಡಬೇಕು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ದಾಖಲೆ ಇರಬೇಕು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವರು ಕಾಲೇಜಿನವರು. ಅವರಿಗೋ, ನಿಜವಾದ ದಾಳಿ ಹೇಗಿರುತ್ತದೆ ಎಂದು ತೋರಿಸುವ ಡೇಟಾವನ್ನು ಕಂಪನಿಗಳು ಕೊಡುವುದೇ ಅಪರೂಪ.

ಸಂಶೋಧಕರೂ ಕಂಪನಿಗಳೂ ಒಬ್ಬರ ಮಾಹಿತಿಯನ್ನು ಇನ್ನೊಬ್ಬರು ಬಳಸಿಕೊಂಡಾಗ ಏನಾಗುತ್ತದೆ ನೋಡಿ. ನಕಲಿ ಔಷಧಿ, ನಕಲಿ ವಾಚು ಮಾರುವ ಸ್ಪ್ಯಾಮ್ ಮೇಲ್‌ಗಳ ಬೆನ್ನು ಹತ್ತಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಸುಮ್ನೆ ಮೇಲ್ ಎಣಿಸುತ್ತಾ ಕೂರಲಿಲ್ಲ. ಆ ಅಂಗಡಿಗಳಿಂದ ತಾವೇ ಸಾಮಾನು ಕೊಂಡರು, ದುಡ್ಡು ಯಾವ ಬ್ಯಾಂಕಿಗೆ ಹೋಗುತ್ತದೆ ಎಂದು ನೋಡಿದರು. ಅಂಗಡಿಗಳು ಸಾವಿರಾರು, ಸರ್ವರ್‌ಗಳು ಊರೂರಲ್ಲಿ. ಆದರೆ ಶೇಕಡಾ 95ರಷ್ಟು ಸರಕಿನ ಹಣ ಹೋಗುತ್ತಿದ್ದದ್ದು ಬೆರಳೆಣಿಕೆಯ ಬ್ಯಾಂಕುಗಳಿಗೆ! ಆಮೇಲೆ ಅಸಲಿ ಸರಕಿನ ಕಂಪನಿಗಳು ಕಾರ್ಡ್ ಸಂಸ್ಥೆಗಳಿಗೆ ದೂರು ಕೊಟ್ಟು ಆ ಖಾತೆಗಳನ್ನೇ ಮುಚ್ಚಿಸತೊಡಗಿದವು. ಸರ್ವರ್ ಒಂದು ಹೋದರೆ ಇನ್ನೊಂದು ತರಬಹುದು, ಬ್ಯಾಂಕ್ ಖಾತೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಪೊಲೀಸರ ಕೆಲಸವನ್ನು ಅಳೆದು ಹೇಳುವುದಕ್ಕೂ ಸಂಶೋಧಕರು ಬೇಕು. ದುಡ್ಡು ಕೊಟ್ಟರೆ ಬೇರೆಯವರ ವೆಬ್‌ಸೈಟನ್ನು ಬೀಳಿಸಿಕೊಡುವ ಸೇವೆಗಳಿವೆ. ಗಿರಾಕಿಗಳಲ್ಲಿ ಹದಿಹರೆಯದವರೇ ಜಾಸ್ತಿ. ಇಂಥದ್ದನ್ನು ಹುಡುಕುವ ಹುಡುಗರಿಗೆ ‘ಇದು ಅಪರಾಧ’ ಎಂಬ ಜಾಹೀರಾತು ಕಾಣುವಂತೆ ಬ್ರಿಟನ್ನಿನ ರಾಷ್ಟ್ರೀಯ ಅಪರಾಧ ಸಂಸ್ಥೆ 2017ರ ಕೊನೆಯಿಂದ ಸುಮಾರು ಆರು ತಿಂಗಳು ವ್ಯವಸ್ಥೆ ಮಾಡಿತು. ಕೇಂಬ್ರಿಡ್ಜ್ ಸಂಶೋಧಕರು ಅಂಕಿಅಂಶ ತೆಗೆದು ನೋಡಿದರೆ, ಆ ಅವಧಿಯಲ್ಲಿ ಬ್ರಿಟನ್ನಿನಲ್ಲಿ ಅಂಥ ದಾಳಿಗಳ ಏರಿಕೆ ನಿಂತಿತ್ತು, ಅಮೆರಿಕದಲ್ಲಿ ಏರುತ್ತಲೇ ಇತ್ತು. ಯಾರನ್ನೂ ಜೈಲಿಗೆ ಹಾಕದೆ ಸಿಕ್ಕ ಫಲ ಇದು. ನನಗೆ ತುಂಬಾ ಖುಷಿ ಕೊಡುವ ಉದಾಹರಣೆ.

ಹಾಗಂತ ಎಲ್ಲ ಡೇಟಾವನ್ನೂ ಎಲ್ಲರಿಗೂ ಹಂಚಿ ಎನ್ನುತ್ತಿಲ್ಲ. ಲಾಗ್‌ನಲ್ಲಿ ಅಮಾಯಕರ ವಿವರವೂ ಇರುತ್ತದೆ. ಯಾವುದನ್ನು, ಯಾರಿಗೆ, ಎಷ್ಟು ದಿನಕ್ಕೆ ಕೊಡಬೇಕು ಎಂಬುದು ದಾಳಿಗೆ ಮೊದಲೇ ಕಾಗದದ ಮೇಲೆ ಬರೆದಿರಬೇಕು. ಅದಕ್ಕಿಂತ ದೊಡ್ಡ ಅಡ್ಡಿ ಮರ್ಯಾದೆಯದು. ಹೆಸರು ಕೆಡುತ್ತದೆ ಎಂದು ಎಷ್ಟೋ ಸಂಸ್ಥೆಗಳು ದೂರನ್ನೇ ಕೊಡುವುದಿಲ್ಲ. ಒಬ್ಬರು ಮುಚ್ಚಿಟ್ಟರೆ ಅದೇ ಕಳ್ಳ ಪಕ್ಕದವರ ಮನೆಗೆ ಅದೇ ದಾರಿಯಲ್ಲಿ ಬರುತ್ತಾನೆ.

ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಗ್ಗೆ ಕೇಳಿರುತ್ತೀರಿ. 2016ರಲ್ಲಿ ಡಚ್ ಪೊಲೀಸರು, ಯುರೋಪಿನ ದೇಶಗಳ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ‘ನೋ ಮೋರ್ ರ‍್ಯಾನ್ಸಮ್’ ಎಂಬ ಯೋಜನೆ ಶುರು ಮಾಡಿದರು. ಪೊಲೀಸರು ವಶಪಡಿಸಿಕೊಂಡ ಸರ್ವರ್‌ಗಳಲ್ಲಿ ಸಿಕ್ಕ ಕೀಲಿಗಳು, ತಜ್ಞರು ಬೀಗದಲ್ಲೇ ದೋಷ ಹುಡುಕಿ ತಯಾರಿಸಿದ ಸಾಧನಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಎಲ್ಲ ಬೀಗಕ್ಕೂ ಕೀಲಿ ಇಲ್ಲ. ಇವತ್ತು ಇಲ್ಲದ್ದು ಆರು ತಿಂಗಳ ನಂತರ ಬರಬಹುದು. ಹಾಗಾಗಿ ನಿಮಗೆ ಇಂಥ ಗತಿ ಬಂದರೆ, ಬೀಗ ಬಿದ್ದ ಫೈಲ್‌ಗಳನ್ನು ಅಳಿಸಬೇಡಿ. ಬೇರೆ ಡಿಸ್ಕಿಗೆ ಹಾಕಿ, ಮೇಲೆ ತಾರೀಖು ಬರೆದು ಎತ್ತಿಡಿ. ದೂರು ಕೊಡುವಾಗ ಅದನ್ನೂ ಜೊತೆಗೆ ಒಯ್ಯಿರಿ.

ನಮಸ್ಕಾರ.