ಟರ್ಬೊ ಹೋಯ್ತು ಅಂದ್ರಾ? ಮೊದಲು ಹೋಸ್ ಬಿಚ್ಚಿ ನೋಡಿ

ನಮಸ್ಕಾರ. ಹೋದ ತಿಂಗಳು ಚಾಮುಂಡಿ ಬೆಟ್ಟ ಹತ್ತುವಾಗ ನನ್ನ ಡೀಸೆಲ್ ಗಾಡಿ ಕೈಕೊಟ್ಟಿತು. ನಿಂತುಹೋಗಲಿಲ್ಲ, ಆದರೆ ಪಿಕಪ್ಪೇ ಇಲ್ಲ. ಸೆಕೆಂಡ್ ಗೇರಿನಲ್ಲಿ ಪೂರ್ತಿ ಒತ್ತಿದರೂ ಸುಮ್ನೆ ಕಪ್ಪು ಹೊಗೆ ಬಿಡುತ್ತಿತ್ತು, ಹಿಂದಿದ್ದ ಸ್ಕೂಟರಿನವರು ಮೂಗು ಮುಚ್ಚಿಕೊಂಡು ನನ್ನನ್ನೇ ದಾಟಿ ಹೋದರು. ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದ ಎರಡೇ ನಿಮಿಷಕ್ಕೆ "ಟರ್ಬೊ ಹೋಗಿದೆ ಸಾರ್, ಹೊಸದೇ ಹಾಕಿಸಿ" ಅಂದರು. 38,000 ರೂಪಾಯಿ ಅಂತೆ.

ಹೋಗಿದ್ದು ಇದು. [ಕೈಯಲ್ಲಿ ಹಳೇ ಹೋಸ್]

ಇದು ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ಇಂಟರ್‌ಕೂಲರಿಗೆ, ಅಂದರೆ ಅದನ್ನು ತಣ್ಣಗೆ ಮಾಡುವ ರೇಡಿಯೇಟರಿನಂಥ ಭಾಗಕ್ಕೆ, ಒಯ್ಯುವ ರಬ್ಬರ್ ಹೋಸ್. ಕೆಳಗಡೆ ಕ್ಲಿಪ್ ಹತ್ತಿರ ಆಯಿಲ್ಲೂ ಧೂಳೂ ಸೇರಿ ಅಂಟಂಟಾಗಿತ್ತು. ಒರೆಸಿ ನೋಡಿದರೂ ಏನೂ ಕಾಣಲಿಲ್ಲ. ಈಗ ಬಾಗಿಸುತ್ತೇನೆ, ನೋಡಿ. ಸೀಳು ಬಾಯಿ ಬಿಟ್ಟಿತಾ? ಕೈ ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಐಡ್ಲಿಂಗ್‌ನಲ್ಲಿ ಏನೂ ಗೊತ್ತಾಗಲ್ಲ, ಬೆಟ್ಟದಲ್ಲಿ ಒತ್ತಡ ಬಿದ್ದಾಗ ಮಾತ್ರ ಬುಸ್ಸ್ ಅಂತ ಗಾಳಿ ಹೊರಗೆ. ಡೀಸೆಲ್ ಬೀಳುತ್ತಿದೆ, ಗಾಳಿ ಸಾಲುತ್ತಿಲ್ಲ, ಅರೆಬರೆ ಉರಿದು ಕಪ್ಪು ಹೊಗೆ.

ಟರ್ಬೊ ಅಂದರೆ ಇಷ್ಟೇ: ಒಂದು ಶಾಫ್ಟಿನ ಎರಡು ತುದಿಗೆ ಎರಡು ಚಕ್ರ. ಎಂಜಿನ್ನಿನ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಎಂಜಿನ್ನಿಗೆ ಗಾಳಿ ತುರುಕುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಹಾಕಿದ್ದರು. ಕಾರಿನ ಪುಟ್ಟ ಟರ್ಬೊ ನಿಮಿಷಕ್ಕೆ 1,50,000 ಸುತ್ತು ದಾಟುತ್ತದೆ, ಆ ವೇಗದಲ್ಲಿ ಶಾಫ್ಟ್ ತೇಲುವುದು ತೆಳ್ಳಗಿನ ಆಯಿಲ್ ಪದರದ ಮೇಲೆ.

ಸ್ಕ್ಯಾನರ್ ಹಾಕಿ ಪಿ0299 ಅನ್ನೋ ಎರರ್ ಕೋಡ್ ತೋರಿಸಿ ಹೆದರಿಸುತ್ತಾರೆ. ಬೂಸ್ಟ್, ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಕಡಿಮೆ ಇದೆ ಅಂತಷ್ಟೇ ಅದರ ಅರ್ಥ. ಕಾರಣ ಹೋಸ್ ಇರಬಹುದು, ಬೂಸ್ಟ್ ಹೆಚ್ಚು ಕಡಿಮೆ ಮಾಡುವ ಆಕ್ಚುಯೇಟರಿಗೆ ಹೋಗುವ ಪುಟ್ಟ ವ್ಯಾಕ್ಯೂಮ್ ಪೈಪ್ ಒಡೆದಿರಬಹುದು. ವಿಜಿಟಿ ಟರ್ಬೊ ಆದರೆ, ಅಂದರೆ ಹೊಗೆಯ ಹರಿವು ಹೊಂದಿಸಲು ಒಳಗೆ ಅಲುಗಾಡುವ ರೆಕ್ಕೆಗಳಿರುವ ಟರ್ಬೊ, ಆ ರೆಕ್ಕೆಗಳಿಗೆ ಮಸಿ ಕಟ್ಟಿಕೊಂಡು ಅಂಟಿರಬಹುದು, ಬರೀ ಸಿಟಿಯಲ್ಲೇ ಓಡುವ ಗಾಡಿಗಳಲ್ಲಿ ಇದು ಜಾಸ್ತಿ. ಬಿಚ್ಚಿ ಕ್ಲೀನ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಟರ್ಬೊ ನಿಜವಾಗಿ ಹೋಗಿದೆಯಾ ಅಂತ ನೋಡೋಕೆ ಎಂಜಿನ್ ಪೂರ್ತಿ ತಣ್ಣಗಾಗಲಿ. ಗಾಳಿ ಒಳಗೆ ಹೋಗುವ ಕಡೆಯ ಪೈಪ್ ತೆಗೆದು ಶಾಫ್ಟ್ ತುದಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಚೂರು ಅಲ್ಲಾಡಿದರೆ ಪರವಾಗಿಲ್ಲ. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಡಿದರೆ, ಇಲ್ಲವೇ ಚಕ್ರದ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ಮೆಕ್ಯಾನಿಕ್ ಹೇಳಿದ್ದು ನಿಜ. ಪೈಪಿನೊಳಗೆ ಸ್ವಲ್ಪ ಆಯಿಲ್ ಪಸೆ ಇದ್ದೇ ಇರುತ್ತದೆ, ಗಾಬರಿ ಬೇಡ.

ನೀಲಿ ಹೊಗೆ ಬಂದರೆ ಮಾತ್ರ ಗಾಡಿ ಓಡಿಸಬೇಡಿ. ಟರ್ಬೊ ಸೀಲ್ ಹೋಗಿ ಎಂಜಿನ್ ತನ್ನ ಆಯಿಲನ್ನೇ ಕುಡಿಯಲು ಶುರು ಮಾಡಿದರೆ ಕೀ ತೆಗೆದರೂ ನಿಲ್ಲಲ್ಲ, ರೇಸ್ ಏರುತ್ತಲೇ ಹೋಗುತ್ತದೆ. ಮ್ಯಾನುಯಲ್ ಗಾಡಿ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಿ.

ಮಂಡ್ಯದ ನನ್ನ ಗೆಳೆಯನೊಬ್ಬ ಹೊಸ ಟರ್ಬೊ ಹಾಕಿಸಿದ, ಮದ್ದೂರು ದಾಟುವಷ್ಟರಲ್ಲಿ ಅದೂ ಸೀಟಿ ಹೊಡೆಯತೊಡಗಿತು. ಹಳೇದು ಯಾಕೆ ಹೋಯ್ತು ಅಂತ ಯಾರೂ ನೋಡಿರಲಿಲ್ಲ. ಅವನ ಟರ್ಬೊಗೆ ಆಯಿಲ್ ಬರುವ ಪೈಪಿನ ಬೋಲ್ಟ್ ಇದು. [ಕ್ಲೋಸಪ್] ಒಳಗೆ ಟೊಳ್ಳು, ಆಯಿಲ್ ಹೋಗೋದು ಈ ತೂತಿನಲ್ಲೇ. ಸುಟ್ಟ ಆಯಿಲ್ ಗಟ್ಟಿಯಾಗಿ ಇದ್ದಿಲಿನ ಥರ ಕೂತಿದೆ, ಸೂಜಿಯೂ ಹೋಗ್ತಿಲ್ಲ ನೋಡಿ.