ಹುಲಿಯ ಮುಖ ಬಿಡಿ, ಪಕ್ಕೆ ತೆಗೆಯಿರಿ

ಕೇಳುಗರೇ, ನಮಸ್ಕಾರ.

ಈ ಭಾನುವಾರ ಬಂಡೀಪುರಕ್ಕೋ ನಾಗರಹೊಳೆಗೋ ಸಫಾರಿಗೆ ಹೊರಟವರು ನೀವಾಗಿದ್ದರೆ, ಈ ನಾಲ್ಕು ಮಾತು ನಿಮಗೇ. ಹುಲಿ ಕಂಡರೆ ಎಲ್ಲರ ಲೆನ್ಸೂ ಮುಖಕ್ಕೇ ತಿರುಗುತ್ತದೆ. ಅದೇ ಉರಿಗಣ್ಣು, ಅದೇ ಮೀಸೆ. ಚೆಂದವೇ, ಬೇಡ ಅನ್ನುವುದಿಲ್ಲ. ಆದರೆ ಕಾಡಿಗೆ ಉಪಯೋಗಕ್ಕೆ ಬರುವ ಚಿತ್ರ ಬೇಕೇ? ಪಕ್ಕೆ ತೆಗೆಯಿರಿ. ಭುಜದಿಂದ ತೊಡೆಯವರೆಗೆ, ಅಡ್ಡಕ್ಕೆ.

ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ ಹುಲಿಗೆ ಪಟ್ಟೆ. ಒಂದರದ್ದು ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡಗಡೆಯ ಪಟ್ಟೆಯೂ ಬಲಗಡೆ ಇರುವುದಿಲ್ಲ.

2010ರಲ್ಲಿ ಬಂಡೀಪುರದ ಕಾಡುದಾರಿಯಲ್ಲಿ ಸಂಶೋಧಕರು ಕಟ್ಟಿದ್ದ, ಮುಂದೆ ಬಿಸಿಯಾದದ್ದೇನಾದರೂ ಅಲುಗಿದರೆ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾ ಮುಂದೆ ಒಂದು ಗಂಡುಹುಲಿ ಹಾದುಹೋಯಿತು. ಈ ಕ್ಯಾಮೆರಾಗಳನ್ನು ದಾರಿಯ ಆ ಬದಿಗೊಂದು, ಈ ಬದಿಗೊಂದು, ಮೊಣಕಾಲೆತ್ತರಕ್ಕೆ ಕಟ್ಟುತ್ತಾರೆ. ಎರಡು ಪಕ್ಕೆಯೂ ಒಂದೇ ಸಲ ಸಿಗಲಿ ಅಂತ. ನೇರ ಎದುರುಬದುರು ಇಟ್ಟರೆ ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣು ಕುಕ್ಕುತ್ತದೆ, ಹಾಗಾಗಿ ಸ್ವಲ್ಪ ಓರೆ. ಮುಂದಿನ ಹುಲ್ಲು ಸವರದಿದ್ದರೆ, ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದಾಗಲೆಲ್ಲ ಕ್ಲಿಕ್, ಸಂಜೆಗೆ ಕಾರ್ಡು ಭರ್ತಿ. ಇರಲಿ. ಹುಲಿಯ ಪಕ್ಕೆ ಚಿತ್ರಕ್ಕೆ ಬಿತ್ತು, ಕಡತಕ್ಕೆ ಸೇರಿತು.

2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆ ಒಂದು ಹುಲಿ ಸೆರೆಸಿಕ್ಕಿತು. ಎಲ್ಲಿಯದು ಇದು? ಪಟ್ಟೆ ತಾಳೆ ನೋಡಿದರೆ, ಅದೇ ಬಂಡೀಪುರದ ಗಂಡು! ಸುಮಾರು 280 ಕಿಲೋಮೀಟರ್ ದೂರ. ನಡುವೆ ಎಷ್ಟು ರಸ್ತೆ, ಎಷ್ಟು ತೋಟ, ಎಷ್ಟು ಊರು, ನೀವೇ ಲೆಕ್ಕ ಹಾಕಿ. ಕಾಡು ಕಾಡಿನ ನಡುವಿನ ಹಸಿರು ಜಾಡು ಉಳಿಸಿ ಎಂದು ಕೇಳುವವರ ಕೈಗೆ ಪುರಾವೆ ಸಿಕ್ಕಿತು. ಕೊಟ್ಟದ್ದು ಯಾವುದು? ಪಕ್ಕೆಯ ಚಿತ್ರ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ನಡೆಯುವ ಹುಲಿಗೆ ಶಟರ್ ವೇಗ 1/500 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಬೆಳಕು ಕಡಿಮೆಯಾದರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, 3200ಕ್ಕೆ ಏರಿಸಿ. ಚಿತ್ರ ಕಾಳುಕಾಳಾದರೂ ಪಟ್ಟೆ ಎಣಿಸಬಹುದು, ಅಲುಗಿ ಮಸುಕಾದರೆ ಆಗದು. ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ, ಒಂದೂವರೆ ಕಿಲೋ ಕಡಲೆ ತುಂಬಿ ಹೊಲಿದು, ಜೀಪಿನ ಅಂಚಿಗೆ ಹಾಕಿ ಅದರ ಮೇಲೆ ಲೆನ್ಸ್ ಒರಗಿಸಿ. ಎಂಜಿನ್ ಆಫ್ ಮಾಡಿಸಿ. ಫ್ಲ್ಯಾಶ್ ಬೇಡವೇ ಬೇಡ. ಸಿಳ್ಳೆ ಹಾಕಿ ಹುಲಿಯ ಮುಖ ತಿರುಗಿಸುವವರಿಗೆ ಏನು ಹೇಳಲಿ! ಅದು ತಾನಾಗಿ ತಿರುಗಿದರೆ ಇನ್ನೊಂದು ಪಕ್ಕೆಯೂ ನಿಮ್ಮದೇ, ಕಾಯಿರಿ.

ಚಿರತೆಗೂ ಪಕ್ಕೆಯೇ, ಅದರ ಚುಕ್ಕೆಗಳಿಗಾಗಿ. ಆನೆಗೆ ಮಾತ್ರ ಮುಖ: ಕಿವಿಯಂಚಿನ ಹರಕು, ದಂತದ ಆಕಾರ.

ಕ್ಯಾಮೆರಾದ ದಿನಾಂಕ, ಗಂಟೆ ಹೊರಡುವ ಮುಂಚೆ ಸರಿಪಡಿಸಿ. ತಿಂಗಳುಗಟ್ಟಲೆ ಬ್ಯಾಟರಿ ಇಲ್ಲದೆ ಬಿದ್ದಿದ್ದರೆ ಗಡಿಯಾರ ಎಲ್ಲೋ ಹೋಗಿರುತ್ತದೆ. ಜಾಗದ ಹೆಸರು ಚೀಟಿಯಲ್ಲಿ ಬರೆದಿಡಿ, ಆದರೆ ಹುಲಿ ಎಲ್ಲಿದೆ ಎಂದು ಅಂದೇ ಜಾಲತಾಣದಲ್ಲಿ ಸಾರಬೇಡಿ. ಅರಣ್ಯ ಇಲಾಖೆಗೋ ಸಂಶೋಧಕರಿಗೋ ಕೊಡುವಾಗ ಮೂಲ ಫೈಲನ್ನೇ ಕೊಡಿ. ಅಂದಕ್ಕೆಂದು ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿದರೆ ಬಲಪಕ್ಕೆ ಎಡಪಕ್ಕೆಯಾಗಿ, ಕಡತದಲ್ಲಿ ಇಲ್ಲದ ಹುಲಿಯೊಂದು ಹುಟ್ಟಿಕೊಳ್ಳುತ್ತದೆ.

ನಮಸ್ಕಾರ.